ಕರೆಗೆ ಇಳಿಯುವ ಮುನ್ನ

ನಮ್ಮ ಕಡೆ ಏಣೆಲು ಕೊಯ್ಲು ಮುಗಿದು, ಬೈಹುಲ್ಲು ಒಣಗಿ ಅಟ್ಟ ಸೇರಿತೆಂದರೆ ಜನರ ಮಾತಿನ ವಿಷಯವೇ ಬದಲಾಗಿಬಿಡುತ್ತದೆ. ಮಳೆಗಾಲವಿಡೀ ಅಡಿಕೆಯ ಕೊಳೆರೋಗ, ಮದ್ದು ಬಿಡುವವರ ಸಂಬಳ, ಮಕ್ಕಳ ಶೀತಜ್ವರ ಎಂದು ಗೊಣಗುತ್ತಿದ್ದ ಗಂಡಸರು ನವೆಂಬರ್ ಬಂದ ಕೂಡಲೇ ಹತ್ತು ವರ್ಷ ಚಿಕ್ಕವರಾಗುತ್ತಾರೆ. ಬೆಳಗಿನ ಬಸ್ಸಿನಲ್ಲಿ, ಹೊಟೇಲಿನ ಗೋಳಿಬಜೆಯ ತಟ್ಟೆಯ ಎದುರು, ಸಹಕಾರಿ ಸಂಘದ ಜಗಲಿಯಲ್ಲಿ ಒಂದೇ ಪ್ರಶ್ನೆ: "ಈ ಸಲ ನೇಗಿಲು ಹಿರಿಯದಲ್ಲಿ ಯಾರು?"

ಪರವೂರಿನವರಿಗೆ ಈ ಪ್ರಶ್ನೆಯ ತಲೆಬುಡ ತಿಳಿಯಲಿಕ್ಕಿಲ್ಲ. ಕಂಬಳದ ಊರಿನವರಿಗೆ ವಿವರಣೆಯೇ ಬೇಡ. ನನ್ನ ತವರು ಬೆಳ್ತಂಗಡಿ ತಾಲೂಕಿನ ವೇಣೂರಿನ ಕಡೆ, ಕೊಟ್ಟ ಮನೆ ಬಂಟ್ವಾಳ ತಾಲೂಕಿನ ಸಿದ್ದಕಟ್ಟೆಯ ಹತ್ತಿರ, ಕಲಿಸುವ ಶಾಲೆ ಮೂಡುಬಿದಿರೆಯ ಆಸುಪಾಸು. ಹೀಗಾಗಿ ವೇಣೂರು ಪೆರ್ಮುಡದ ಸೂರ್ಯ-ಚಂದ್ರ, ಕಕ್ಯಪದವಿನ ಸತ್ಯ-ಧರ್ಮ, ಮೂಡುಬಿದಿರೆ ಕಡಲಕೆರೆಯ ಕೋಟಿ-ಚೆನ್ನಯ, ಈ ಮೂರೂ ಜೋಡುಕರೆಗಳ ಸುದ್ದಿ ನಾನು ಕೇಳದೆಯೇ ನನ್ನ ಕಿವಿಗೆ ಬೀಳುತ್ತದೆ. ಮನೆಯಲ್ಲಿ ಸಾಕಾಯಿತೆಂದು ಶಾಲೆಗೆ ಹೋದರೆ ಸ್ಟಾಫ್ ರೂಮಿನಲ್ಲಿ ಡ್ರಿಲ್ ಮಾಸ್ಟರು ಅದನ್ನೇ ಹಿಡಿದು ಕೂತಿರುತ್ತಾರೆ.

ಓಟಕ್ಕಿಂತ ಮೊದಲು ಯಾರು ಗೆದ್ದಾರು ಎಂದು ಲೆಕ್ಕ ಹಾಕುವ ಈ ಚಟ ನಮ್ಮೂರಿನದು ಮಾತ್ರವಲ್ಲ. ಬೆಂಗಳೂರು, ಮೈಸೂರಿನಲ್ಲಿ ಕುದುರೆ ರೇಸು ಇದೆಯಲ್ಲ, ಅಲ್ಲಿ ಅದಕ್ಕೊಂದು ಪುಸ್ತಕವೇ ಉಂಟು. ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಒಮ್ಮೆ ತಂದು ತೋರಿಸಿದ್ದ. ಬೇಲಿಗೀಲಿ ಹಾರುವ ಕೆಲಸವಿಲ್ಲದ, ಸಮತಟ್ಟು ಹುಲ್ಲಿನ ಮೇಲಿನ ಓಟ ಅದು. ದಿನದ ಒಂದೊಂದು ಓಟಕ್ಕೂ ಯಾವ ಯಾವ ಕುದುರೆ, ಅದರ ತಂದೆತಾಯಿ ಯಾರು, ಪಳಗಿಸಿದವರು ಯಾರು, ಸವಾರ ಯಾರು, ಹಿಂದಿನ ಓಟಗಳಲ್ಲಿ ಎಷ್ಟನೆಯದಾಗಿ ಬಂತು ಎಂದೆಲ್ಲ ಅದರಲ್ಲಿ ಅಚ್ಚಾಗಿತ್ತು. ನನಗೆ ಸೋಜಿಗವಾದದ್ದು ಭಾರದ ಲೆಕ್ಕ. ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ತೂಕ ಹೊರಿಸುತ್ತಾರಂತೆ, ಎಲ್ಲವಕ್ಕೂ ಸಮಾನ ಅವಕಾಶ ಸಿಗಲಿ ಎಂದು! ಪರೀಕ್ಷೆಯ ದಿನ ಮೊದಲ ರ್‍ಯಾಂಕಿನ ಹುಡುಗಿಯ ಕೈಗೆ ಅರ್ಧ ಸೀಸದಕಡ್ಡಿ ಮಾತ್ರ ಕೊಟ್ಟು ಬರೆಯಲು ಹೇಳಿದ ಹಾಗೆ.

ನಮ್ಮ ಕಂಬಳಕ್ಕೆ ಅಂಥ ಪುಸ್ತಕವಿಲ್ಲ. ಇರುವುದು ಬಾಯಿಮಾತು, ಈಗೀಗ ಮೊಬೈಲಿನಲ್ಲಿ ಓಡಾಡುವ ಪಟ್ಟಿ. ದೊಡ್ಡ ಕಂಬಳವಾದರೆ ನೂರೈವತ್ತು, ಇನ್ನೂರು ಜೋಡಿ ಕೋಣಗಳು ಬರುತ್ತವೆ. ಅವನ್ನು ಆರು ವಿಭಾಗ ಮಾಡುತ್ತಾರೆ: ಕನೆಹಲಗೆ, ಅಡ್ಡ ಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ನೇಗಿಲೆಂದರೆ ಉಳುವ ನೇಗಿಲಲ್ಲ, ಅದರ ಆಕಾರದ ಹಗುರವಾದ ಮರ. ಓಡಿಸುವವನು ಅದನ್ನು ಹಿಡಿದು ಹಿಂದೆ ಓಡುತ್ತಾನೆ. ಹಗ್ಗದಲ್ಲಿ ಕೈಗೆ ಹಗ್ಗ ಮಾತ್ರ. ಅಡ್ಡ ಹಲಗೆಯಲ್ಲಿ ಹಲಗೆಯ ಮೇಲೆ ನಿಂತು ಹೋಗುವುದು. ಕನೆಹಲಗೆಯಲ್ಲಿ ಯಾರು ಬೇಗ ಬಂದರು ಎಂಬ ಪ್ರಶ್ನೆಯೇ ಇಲ್ಲ. ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಮೇಲೆ ಅಡ್ಡಕ್ಕೆ ಕಟ್ಟಿದ ಬಟ್ಟೆಗೆ ತಾಗಬೇಕು. ಆ ಬಟ್ಟೆಗೆ ನಿಶಾನೆ ಎನ್ನುತ್ತಾರೆ. ಆರೂವರೆ ಕೋಲು ನಿಶಾನೆ, ಏಳೂವರೆ ಕೋಲು ನಿಶಾನೆ ಎಂದು ಎತ್ತರದ ಲೆಕ್ಕ. ನೀರು ನಿಶಾನೆಗೆ ತಾಗಿದಾಗ ಏಳುವ ಬೊಬ್ಬೆ ಇದೆಯಲ್ಲ, ಅದನ್ನು ಕೇಳಿಯೇ ತಿಳಿಯಬೇಕು.

ಉಳಿದವೆಲ್ಲ ಎರಡೆರಡು ಜೋಡಿಗಳ ಪಂಥ. ಜೋಡುಕರೆ ಎಂದರೆ ಅಕ್ಕಪಕ್ಕ ಎರಡು ಕರೆ, ಒಂದೊಂದಕ್ಕೆ ಒಂದೊಂದು ಹೆಸರು. ಮೂಡುಬಿದಿರೆಯಲ್ಲಿ ಒಂದು ಕೋಟಿ, ಇನ್ನೊಂದು ಚೆನ್ನಯ. ಕೋಣಗಳನ್ನು ಬಿಡುವ ತುದಿ ಗಂತು. ಓಡಿ ಬಂದು ಏರುವ ದಿಬ್ಬ ಮಂಜೊಟ್ಟಿ. ಸೋತ ಜೋಡಿ ಹೊರಗೆ, ಗೆದ್ದದ್ದು ಮುಂದಕ್ಕೆ. ಶನಿವಾರ ಬೆಳಿಗ್ಗೆ ಸುರುವಾದದ್ದು ಮುಗಿಯುವಾಗ ಆದಿತ್ಯವಾರವಾಗಿರುತ್ತದೆ. ಬಹುಮಾನ ಚಿನ್ನ, ಪವನಿನ ಲೆಕ್ಕದಲ್ಲಿ. ಒಂದು ಪವನೆಂದರೆ ಎಂಟು ಗ್ರಾಂ. ಲಕ್ಷಗಟ್ಟಲೆ ಕೊಟ್ಟು ಕೋಣ ತಂದು, ವರ್ಷವಿಡೀ ಸಾಕುವ ಖರ್ಚಿನ ಮುಂದೆ ಆ ಚಿನ್ನ ಯಾವ ಮೂಲೆಗೆ? ಆದರೂ ಕೋಣ ಸಾಕುವವರು ಸಾಕುತ್ತಾರೆ. ಹೆಣ್ಣುಮಕ್ಕಳು ಸೀರೆಗೆ ದುಡ್ಡು ಸುರಿಯುತ್ತಾರೆ ಎಂದು ನಗುವ ಗಂಡಸರು ಕೋಣದ ಹಟ್ಟಿಗೆ ಫ್ಯಾನು ಹಾಕಿಸಿದ್ದನ್ನು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

ಇನ್ನು ಯಾರು ಗೆದ್ದಾರು ಎಂಬ ಲೆಕ್ಕ. ಸಾಮಾನ್ಯವಾಗಿ ನಾಲ್ಕು ಮಾತು ಕೇಳಿಬರುತ್ತವೆ. ಹೋದ ವಾರ ಈ ಜೋಡಿ ಎಲ್ಲಿಯವರೆಗೆ ಬಂದಿತ್ತು? ಓಡಿಸುವವನು ಯಾರು? ಯಾವ ಕರೆಯಲ್ಲಿ ಓಡುತ್ತದೆ, ಅಲ್ಲಿ ಕೆಸರು, ಹೊಯಿಗೆ, ನೀರು ಹದವಾಗಿದೆಯೋ ಇಲ್ಲವೋ? ಓಟ ಎಷ್ಟು ಹೊತ್ತಿಗೆ? ಕೊನೆಯದು ಸಣ್ಣ ಸಂಗತಿಯಲ್ಲ. ಕೋಣದ ಚರ್ಮ ಕಪ್ಪು, ಬೆವರುವ ಗ್ರಂಥಿಗಳು ಕಡಿಮೆ. ಬಿಸಿಲಿನ ಝಳವನ್ನು ಅದು ದನದಷ್ಟು ತಾಳಿಕೊಳ್ಳಲಾರದು. ಅದಕ್ಕೇ ಎಮ್ಮೆಕೋಣಗಳು ನೀರು ಕಂಡರೆ ಬಿಡುವುದಿಲ್ಲ. ನಡುಮಧ್ಯಾಹ್ನ ಒದ್ದಾಡಿದ ಜೋಡಿ ನಸುಕಿನ ತಂಪಿಗೆ ಬಾಣದಂತೆ ಬರುವುದುಂಟು.

ಈ ನಾಲ್ಕು ಮಾತನ್ನು ಯಾರೂ ಹೇಳಬಹುದು. ಐದನೆಯದೊಂದಿದೆ. ಅದನ್ನು ನನಗೆ ಹೇಳಿಕೊಟ್ಟದ್ದು ನನ್ನ ಅತ್ತೆ.

ನಾನು ಮದುವೆಯಾಗಿ ಬಂದಾಗ ನಮ್ಮ ಹಟ್ಟಿಯಲ್ಲಿ ಕುಟ್ಟಿ, ಪಾಂಡು ಎಂಬ ಎರಡು ಕೋಣಗಳಿದ್ದವು. ನೇಗಿಲು ಕಿರಿಯದಲ್ಲಿ ಓಡುವ ಜೋಡಿ. ಮಾವನಿಗೆ ಅವುಗಳೆಂದರೆ ಜೀವ. ಅತ್ತೆ ಮಾತ್ರ ತನ್ನ ಜೀವಮಾನದಲ್ಲಿ ಕಂಬಳದ ಗದ್ದೆಗೆ ಕಾಲಿಟ್ಟವರಲ್ಲ. ಆ ಕಾಲದಲ್ಲಿ ನಮ್ಮ ಕಡೆಯ ಮರ್ಯಾದಸ್ಥ ಮನೆಯ ಹೆಂಗಸರು ರಾತ್ರಿಯ ಕಂಬಳಕ್ಕೆ ಹೋಗುವುದಿರಲಿಲ್ಲ. ಗಂಡಸರು ಹೋಗುತ್ತಿದ್ದರು, ಕುಡಿದು ಜಗಳಾಡಿ ಬರುವವರೂ ಇದ್ದರು. ಹೆಂಗಸರದ್ದು ಹುರುಳಿ ಬೇಯಿಸುವ ಕೆಲಸ. ಹುರುಳಿ ಎಂದಾಗ ನೆನಪಾಯಿತು, ಇಂಗ್ಲಿಷಿನವರು ಅದನ್ನು ಕುದುರೆಯ ಕಾಳು ಎಂದೇ ಕರೆಯುತ್ತಾರೆ. ಅಲ್ಲಿನ ಕುದುರೆಗೂ ಇಲ್ಲಿನ ಕೋಣಕ್ಕೂ ಓಡುವ ಬಲ ಬರುವುದು ಒಂದೇ ಕಾಳಿನಿಂದ. ದೊಡ್ಡ ಹಂಡೆಯಲ್ಲಿ ಹುರುಳಿ ಬೇಯಿಸಿ, ಆರಿಸಿ, ಅರೆದು ಉಂಡೆ ಮಾಡಿ ಕೊಡುವುದು, ಹುಲ್ಲು ಹಾಕುವುದು, ಕೆರೆಯಲ್ಲಿ ಈಜಾಡಿಸಿ ತಂದ ಮೇಲೆ ಎಣ್ಣೆ ಕಾಯಿಸಿ ಕೊಡುವುದು, ಎಲ್ಲ ಅತ್ತೆಯ ಕೈಯಿಂದಲೇ ಆಗಬೇಕು. ಎಣ್ಣೆ ತಿಕ್ಕಲು ಆಳುಗಳಿದ್ದರು. ಆದರೆ ಅದು ಸರಿಯಾಗಿ ಹಿಡಿಯಿತೋ ಇಲ್ಲವೋ ಎಂದು ಬೆನ್ನ ಮೇಲೆ ಅಂಗೈ ಇಟ್ಟು ನೋಡುವವರು ಅತ್ತೆಯೇ.

ಕಂಬಳದ ಹಿಂದಿನ ಸಂಜೆ ಮಾವ ಜಗಲಿಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಲೆಕ್ಕ ಹಾಕುತ್ತಿದ್ದರು. ಆ ಮನೆಯ ಜೋಡಿ ಹೀಗೆ, ಈ ಮನೆಯ ಜೋಡಿ ಹಾಗೆ. ಚಹಾ ಕೊಡಲು ಬಂದ ಅತ್ತೆ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿ ಒಳಗೆ ಹೋಗುತ್ತಿದ್ದರು. "ನಾಳೆ ಪಾಂಡು ಓಡುವುದಿಲ್ಲ. ಮಧ್ಯಾಹ್ನದಿಂದ ಮೆಲುಕು ಹಾಕಿಲ್ಲ." ಇಲ್ಲವೇ, "ಹೋಗಿ ಬನ್ನಿ. ಎರಡೂ ಒಂದೇ ಕಡೆಗೆ ತಲೆ ಹಾಕಿ ಮಲಗಿವೆ." ಜಗಲಿಯಲ್ಲಿ ಯಾರಾದರೂ ನಗುತ್ತಿದ್ದರು. ಮಾವ ನಗುತ್ತಿರಲಿಲ್ಲ.

ಅವರ ಪಕ್ಕದಲ್ಲಿ ಕೂತು ನಾನು ಒಂದೊಂದಾಗಿ ಕೇಳಿ ತಿಳಿದುಕೊಂಡದ್ದಿಷ್ಟು. ಮೂಗಿನ ತುದಿ ಒದ್ದೆಯಾಗಿರಬೇಕು; ಒಣಗಿದ್ದರೆ ಒಳಗೆ ಜ್ವರವಿದೆ ಎಂದು ಅರ್ಥ. ಕಿವಿ ನೊಣ ಓಡಿಸುತ್ತಿರಬೇಕು, ಜೋತುಬಿದ್ದಿರಬಾರದು. ಸೆಗಣಿ ತೆಳ್ಳಗಾಗಿದ್ದರೆ ಎಷ್ಟು ಹುರುಳಿ ತಿನ್ನಿಸಿದರೂ ದಂಡ. ನಿಂತಾಗ ಒಂದು ಕಾಲನ್ನು ಪದೇ ಪದೇ ಹಗುರ ಮಾಡಿಕೊಳ್ಳುತ್ತಿದ್ದರೆ ಗೊರಸು ನೋಡಬೇಕು. ಇದೆಲ್ಲ ಒಂಟಿ ಕೋಣದ ಮಾತು. ಓಡುವುದು ಜೋಡಿ. ಒಂದು ಹೆಜ್ಜೆ ಉದ್ದ, ಇನ್ನೊಂದು ಗಿಡ್ಡವಾದರೆ ನೊಗ ಓರೆಯಾಗುತ್ತದೆ, ಓಡಿಸುವವನ ಕೈ ಸೋಲುತ್ತದೆ. "ಒಂದಕ್ಕೆ ಇನ್ನೊಂದು ಕಣ್ಣಿಗೆ ಬೀಳದಿದ್ದರೆ ಕೂಗಬೇಕು. ಆಗ ಅದು ಜೋಡಿ" ಎನ್ನುತ್ತಿದ್ದರು ಅತ್ತೆ. ಜಾತಕ ಹಿಡಿದುಕೊಂಡು ಜೋಯಿಸರ ಮನೆಗೆ ಅಲೆಯುವವರು ಈ ಲಕ್ಷಣವನ್ನೂ ಸ್ವಲ್ಪ ಗಮನಿಸಿದರೆ ಒಳ್ಳೆಯದಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅತ್ತೆಯ ಲೆಕ್ಕ ಯಾವಾಗಲೂ ಸರಿಯಾಗುತ್ತಿತ್ತೇ? ಇಲ್ಲ. ಎದುರು ಜೋಡಿ ಅವರ ಕಣ್ಣಿಗೆ ಬಿದ್ದದ್ದಲ್ಲವಲ್ಲ. ನಮ್ಮದು ಚೆನ್ನಾಗಿ ಓಡಿಯೂ ಸೋತು ಬಂದದ್ದುಂಟು. ಆದರೆ ಓಡಲಾರದು ಎಂದು ಅವರು ಹೇಳಿದ ದಿನ ಕುಟ್ಟಿ, ಪಾಂಡು ಚೆನ್ನಾಗಿ ಓಡಿದ್ದನ್ನು ನಾನು ಕಾಣೆ. ಒಂದು ಸಲ ಅವರ ಮಾತು ಕೇಳಿ ಮಾವ ಹೊರಟ ಗಾಡಿಯನ್ನೇ ನಿಲ್ಲಿಸಿದ್ದರು.

ಗೆಲ್ಲುವವರನ್ನು ಊಹಿಸುವುದಕ್ಕಿಂತ ದೊಡ್ಡದೊಂದು ಈ ನೋಟದಲ್ಲಿತ್ತು ಎಂದು ನನಗೆ ತಿಳಿದದ್ದು ಕೋಣಗಳು ಮರಳಿ ಬಂದ ಮೇಲೆ. ಆದಿತ್ಯವಾರ ಅಂಗಳಕ್ಕೆ ಕೋಣ ಬಂದಾಗ ಅತ್ತೆ ಮೊದಲು ಕೇಳುತ್ತಿದ್ದದ್ದು ಗೆಲುವನ್ನಲ್ಲ. ಉಗುರುಬೆಚ್ಚಗಿನ ನೀರು ಹಾಕಿ ಮೈ ತೊಳೆಸುತ್ತಾ ಬೆನ್ನಿನ ಮೇಲೆ ಕೈಯಾಡಿಸುತ್ತಿದ್ದರು. ಬಾಸುಂಡೆಗಳನ್ನು ಎಣಿಸುತ್ತಿದ್ದರು. ಒಂದು ವರ್ಷ ಹೊಸಬನೊಬ್ಬ ಓಡಿಸಿ, ದ್ವಿತೀಯ ಬಹುಮಾನ ತಂದಿದ್ದ. ಮನೆಯಲ್ಲಿ ಕೋಳಿ ಅಡಿಗೆ, ರೊಟ್ಟಿ. ಅತ್ತೆ ಅವನಿಗೆ ತಾವೇ ಬಡಿಸಿದರು, ಎರಡನೆಯ ಸಲವೂ ಬಡಿಸಿದರು. ಕೈ ತೊಳೆಯಲು ಎದ್ದವನಿಗೆ ಹೇಳಿದರು, "ಮಗಾ, ಈ ಮನೆಯಲ್ಲಿ ನಿನಗೆ ಯಾವಾಗ ಬಂದರೂ ಊಟ ಉಂಟು. ಆದರೆ ಹಟ್ಟಿಗೆ ಇನ್ನು ನೀನು ಹೋಗುವುದು ಬೇಡ." ಮಾವ ತಲೆ ಬಗ್ಗಿಸಿ ಊಟ ಮಾಡುತ್ತಿದ್ದರು. ಆ ಹುಡುಗ ಮತ್ತೆ ನಮ್ಮ ಕೋಣ ಓಡಿಸಲಿಲ್ಲ.

ಇದನ್ನೆಲ್ಲ ನೆನೆಯುವಾಗ ಪತ್ರಿಕೆಯಲ್ಲಿ ಬರುವ ಫಲಿತಾಂಶದ ಪಟ್ಟಿ ನನಗೆ ತೀರ ತೆಳುವಾಗಿ ಕಾಣುತ್ತದೆ. ಅದರಲ್ಲಿ ಮನೆಯ ಹೆಸರು, ಯಜಮಾನರ ಹೆಸರು, ಓಡಿಸಿದವರ ಹೆಸರು ಇರುತ್ತದೆ. ಈಗ ಸಮಯವನ್ನೂ ಸೆಕೆಂಡಿನ ನೂರರ ಭಾಗದಷ್ಟು ನಿಖರವಾಗಿ ಹಾಕುತ್ತಾರೆ. ಆ ಸಮಯದಿಂದಲೇ ಅಲ್ಲವೇ 2020ರಲ್ಲಿ ಇಡೀ ದೇಶ ನಮ್ಮ ಕಡೆ ತಿರುಗಿ ನೋಡಿದ್ದು! ಆ ವರ್ಷದ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ನಮ್ಮ ಮೂಡುಬಿದಿರೆಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದರು. 2009ರಲ್ಲಿ ಬರ್ಲಿನಿನಲ್ಲಿ ಉಸೇನ್ ಬೋಲ್ಟ್ ಮಾಡಿದ ವಿಶ್ವದಾಖಲೆ 9.58. ಅದೇ ತಿಂಗಳು ನನ್ನ ತವರಿನ ವೇಣೂರಿನ ಕರೆಯಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಕೇಂದ್ರದ ಕ್ರೀಡಾ ಸಚಿವರೇ ಶ್ರೀನಿವಾಸ ಗೌಡರನ್ನು ಪರೀಕ್ಷೆಗೆ ಕರೆದರು. ಅವರು ಒಪ್ಪಲಿಲ್ಲ. ಕಂಬಳದಲ್ಲಿ ಊರುವುದು ಹಿಮ್ಮಡಿ, ಟ್ರ್ಯಾಕಿನಲ್ಲಿ ಊರುವುದು ಬೆರಳು. ಮೇಲಾಗಿ ಈ ಓಟದಲ್ಲಿ ಕೋಣಗಳ ಪಾಲೂ ಇದೆ ಎಂದರು. ಕಟ್ಟಡದ ಕೆಲಸ ಮಾಡಿ ಬದುಕುತ್ತಿದ್ದ ಅವರು ಹೊಗಳಿಕೆಯ ನಡುವೆ ಕೋಣಗಳನ್ನು ಮರೆಯಲಿಲ್ಲ. ಅತ್ತೆ ಬದುಕಿದ್ದರೆ ಅವರನ್ನು ಕರೆದು ಊಟ ಹಾಕುತ್ತಿದ್ದರು.

ಪಟ್ಟಿಯಲ್ಲಿ ಎಂದೂ ಬಾರದ ಹೆಸರುಗಳೂ ಇವೆ. ಹುರುಳಿ ಬೇಯಿಸಿದವರ ಹೆಸರು ಬರುವುದಿಲ್ಲ, ಅದು ಹೋಗಲಿ. ಹಿಂದೆ ಕಂಬಳದ ಹಿಂದಿನ ರಾತ್ರಿ ಕೊರಗರು ಗದ್ದೆಯ ಬದಿಯಲ್ಲಿ ಮಂಜಿನಲ್ಲಿ ಕೂತು ಡೋಲು ಬಾರಿಸಬೇಕಿತ್ತು. ಅದಕ್ಕೆ ಪನಿಕುಳ್ಳುನಿ ಎಂದು ಹೆಸರು. ಕೋಣಗಳಿಗಿಂತ ಮೊದಲು ಅವರನ್ನು ಕರೆಯಲ್ಲಿ ಓಡಿಸುವುದಿತ್ತು, ಮುಳ್ಳೋ ಗಾಜೋ ಇದ್ದರೆ ಮೊದಲು ಅವರ ಕಾಲಿಗೆ ಚುಚ್ಚಲಿ ಎಂದು. ಬೆಲೆಬಾಳುವ ಕೋಣದ ಗೊರಸಿಗಾಗಿ ಮನುಷ್ಯರ ಬರಿಗಾಲು. 2000ನೇ ಇಸವಿಯಲ್ಲಿ ಕರ್ನಾಟಕ ಸರಕಾರ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ತಂದಿತು. ಸಮಾಜ ಪಾಠ ಮಾಡುವಾಗ ನಾನು ಇದನ್ನು ಬಿಡದೆ ಹೇಳುತ್ತೇನೆ. ಯಾರು ಓಡುತ್ತಾರೆ ಎಂದು ಮುಂದಾಗಿ ಎಣಿಸುವವರಿಗೆ ಎಲ್ಲರಿಗಿಂತ ಮೊದಲು ಓಡಿದವರು ಯಾರೆಂದು ಗೊತ್ತಿರಬೇಡವೇ?

ಆಮೇಲೆ ಕೋಣಗಳ ಪರವಾಗಿಯೂ ಕೋರ್ಟಿಗೆ ಹೋದರು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ವಿರುದ್ಧ ತೀರ್ಪು ಕೊಟ್ಟಿತು. 2016ರ ನವೆಂಬರಿನಲ್ಲಿ ನಮ್ಮ ಹೈಕೋರ್ಟಿನ ಮಧ್ಯಂತರ ಆದೇಶದಿಂದ ಕಂಬಳ ನಿಂತಿತು. 2017ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಕೋಣಗಳ ಸಮೇತ ಜನ ಬೀದಿಗಿಳಿದರು. ವಿಧಾನಸಭೆ ತಿದ್ದುಪಡಿ ತಂದಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು.

ಆ 2017ರ ಗಲಾಟೆಯ ದಿನಗಳಲ್ಲಿ ನಾನು ಒಂಬತ್ತನೆಯ ತರಗತಿಗೆ ಚರ್ಚಾಸ್ಪರ್ಧೆ ಇಟ್ಟಿದ್ದೆ. ಗಂಡುಮಕ್ಕಳೆಲ್ಲ ಸಂಸ್ಕೃತಿ, ಸಂಪ್ರದಾಯ ಎಂದು ಮೇಜು ಗುದ್ದಿ ಮಾತಾಡಿದರು. ಪೆಟ್ಟು ಕೊಡದಿದ್ದರೆ ಕೋಣ ಓಡುವುದೇ ಇಲ್ಲ ಎಂದ ಒಬ್ಬ. ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು, "ಹಾಗಾದರೆ ಟೀಚರ್, ನಮಗೂ ಬೆತ್ತ ವಾಪಸು ತರಬೇಕಾ?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನು ಕೆಲಸಕ್ಕೆ ಸೇರಿದಾಗ ಹೆಡ್‌ಮಾಸ್ಟರ ಕೋಣೆಯಲ್ಲಿ ಗಡಿಯಾರದ ಪಕ್ಕ ನಾಗರಬೆತ್ತ ತೂಗುತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಹದಿನೇಳನೆಯ ಸೆಕ್ಷನ್ನು ಮಕ್ಕಳಿಗೆ ದೈಹಿಕ ಶಿಕ್ಷೆ ಕೂಡದು ಎಂದಿತು. ಬೆತ್ತ ಹೋದರೆ ಶಾಲೆಯೇ ಮುಳುಗುತ್ತದೆ ಎಂದು ಆಗ ಹೇಳಿದವರು ಎಷ್ಟು ಜನ! ಶಾಲೆ ಮುಳುಗಲಿಲ್ಲ. ಆದರೆ ಬೆತ್ತವಿಲ್ಲದೆ ಕಲಿಸುವುದಕ್ಕೆ ಒಂದೊಂದು ಮಗುವಿನ ಮುಖವನ್ನೂ ನೋಡಬೇಕಾಯಿತು: ಇವನು ಬೆಳಿಗ್ಗೆ ಉಂಡು ಬಂದಿದ್ದಾನೆಯೇ, ಇವಳ ಕಣ್ಣು ಯಾಕೆ ಕೆಂಪಾಗಿದೆ ಎಂದು. ಇದು ಬೆತ್ತ ಎತ್ತುವುದಕ್ಕಿಂತ ಕಷ್ಟದ ಕೆಲಸ.

ಕಂಬಳದಲ್ಲಿಯೂ ಹಾಗೆಯೇ ಎಂದು ನನ್ನ ನಂಬಿಕೆ. ಕೋಣವನ್ನು ಓಟಕ್ಕಿಂತ ಮೊದಲು ನೋಡಬಲ್ಲವನಿಗೆ ಓಟದಲ್ಲಿ ಹೊಡೆಯಬೇಕಾಗಿ ಬರುವುದಿಲ್ಲ. ಇಂದು ಓಡಲಾರದ ಕೋಣ ಯಾವುದೆಂದು ಅವನಿಗೆ ಗಂತಿಗೆ ಬರುವ ಮೊದಲೇ ಗೊತ್ತಿರುತ್ತದೆ. ನೋಡಲು ಬಾರದವನೇ ಕೈಯೆತ್ತುವುದು. ಹೊಡೆತ ಈಗ ಪೂರ್ತಿ ನಿಂತಿದೆ ಎಂದು ಹೇಳಿದರೆ ಸುಳ್ಳಾದೀತು; ಮಂಜೊಟ್ಟಿಯ ಹತ್ತಿರ ನಿಂತು ನಾನೇ ಕಂಡಿದ್ದೇನೆ. ಆದರೆ ಹೊಡೆದರೆ ಸುತ್ತಲಿನ ಜನರೇ ಬೊಬ್ಬೆ ಹಾಕಿ ತಡೆದದ್ದನ್ನೂ ಕಂಡಿದ್ದೇನೆ. ಮೂವತ್ತು ವರ್ಷದ ಹಿಂದೆ ಆ ಬೊಬ್ಬೆ ಇರಲಿಲ್ಲ.

ನಾನೀಗ ಇದನ್ನೆಲ್ಲ ಬರೆಯಲು ಒಂದು ಕಾರಣವುಂಟು. ನಮ್ಮ ಶಾಲೆಯ ಹತ್ತನೆಯ ತರಗತಿಯಲ್ಲಿ ಹುಡುಗನೊಬ್ಬನಿದ್ದಾನೆ. ಹೆಸರು ಬೇಡ. ತಾಯಿ ಬೀಡಿ ಕಟ್ಟುತ್ತಾರೆ, ತಂದೆ ಇಲ್ಲ. ಊರಿನ ಒಂದು ದೊಡ್ಡ ಮನೆಯ ಕೋಣಗಳ ಹಿಂದೆ ಇವನ ಓಡಾಟ. ಸಂಜೆ ಕೆರೆಗೆ ಹೊಡೆದುಕೊಂಡು ಹೋಗುವುದು, ಮೈ ತಿಕ್ಕುವುದು, ಕಂಬಳದ ದಿನ ಗಂತಿನಲ್ಲಿ ಹಗ್ಗ ಹಿಡಿಯುವುದು. ಸೋಮವಾರ ತರಗತಿಗೆ ಬಂದರೆ ಕಣ್ಣಲ್ಲಿ ಎರಡು ರಾತ್ರಿಯ ನಿದ್ದೆ. ಗಣಿತದಲ್ಲಿ ಮೂವತ್ತೈದು ಬಂದರೆ ದೇವರು ದೊಡ್ಡವನು. ಆದರೆ ಅವನು ಓಡುವುದನ್ನು ನೋಡಿದ ಡ್ರಿಲ್ ಮಾಸ್ಟರು, "ಹುಡುಗನಲ್ಲಿ ಏನೋ ಉಂಟು ಟೀಚರೇ" ಎನ್ನುತ್ತಾರೆ.

ಮೊನ್ನೆ ಅವನ ತಾಯಿ ಶಾಲೆಗೆ ಬಂದಿದ್ದರು. ಬೀಡಿಯ ಎಲೆಯ ಕಂದು ಬಣ್ಣ ಹಿಡಿದ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತೇ ಕೇಳಿದರು. "ಟೀಚರೇ, ಇವನು ಕೋಣ ಓಡಿಸುವವನಾಗುತ್ತಾನಂತೆ. ಓಡಿಸಿದವರಿಗೆ ಒಳ್ಳೆಯ ಹೆಸರು, ದುಡ್ಡು ಎಲ್ಲ ಉಂಟಂತೆ. ನೀವು ಕಲಿತವರು. ಇವನು ಗೆದ್ದಾನಾ?"

ಇನ್ನೂರು ಜೋಡಿಯಲ್ಲಿ ಗೆಲ್ಲುವವರು ಯಾರೆಂದು ಹೇಳುವುದು ಸುಲಭ ಅನ್ನಿಸಿತು ನನಗೆ. ಓಡಿಸುವವನ ಕಾಲ ಎಷ್ಟು ವರ್ಷದ್ದು? ಕೆಸರಿನಲ್ಲಿ ಬಿದ್ದರೆ ಮೊಣಕಾಲಿನ ಗತಿ ಏನು? ಕಂಬಳವಿಲ್ಲದ ಏಳು ತಿಂಗಳು ಹೊಟ್ಟೆಗೆ ಏನು? ಇದು ಯಾವುದೂ ಪಟ್ಟಿಯಲ್ಲಿ ಇರುವುದಿಲ್ಲ. ಹಾಗೆಂದು ಅವನ ಕಾಲಿನ ಓಟವನ್ನು ಕಟ್ಟಿಹಾಕಿ ಕೂರಿಸಿದರೆ ಗಣಿತ ತಲೆಗೆ ಹತ್ತುತ್ತದೆಯೇ? ಹತ್ತುವುದಿಲ್ಲ, ಅದು ನನಗೆ ಗೊತ್ತು.

ನಾನು ಅವರನ್ನು ಕುರ್ಚಿಯಲ್ಲಿ ಕೂರಿಸಿ ಅತ್ತೆ ನನಗೆ ಹೇಳಿದ್ದನ್ನೇ ಹೇಳಿದೆ. ಗೆಲ್ಲುತ್ತಾನೋ ಇಲ್ಲವೋ ಆಮೇಲೆ ನೋಡುವ. ಈಗ ಅವನನ್ನೇ ನೋಡಿ. ಮನೆಗೆ ಬಂದವನು ಸರಿಯಾಗಿ ಉಣ್ಣುತ್ತಾನೆಯೇ? ರಾತ್ರಿ ಕಾಲು ನೋವೆಂದು ಹೊರಳಾಡುತ್ತಾನೆಯೇ? ಬಾಯಲ್ಲಿ ವಾಸನೆ ಉಂಟೋ? ಆ ಮನೆಯವರು ಅವನನ್ನು ಹೇಗೆ ಮಾತಾಡಿಸುತ್ತಾರೆ? ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಶನಿವಾರ ರಾತ್ರಿ ಹನ್ನೊಂದಕ್ಕೆ ಅವನನ್ನು ಮನೆಗೆ ಕಳಿಸಬೇಕೆಂದು ನಾನು ಆ ಮನೆಯ ಯಜಮಾನತಿಯ ಹತ್ತಿರ ಮಾತಾಡುತ್ತೇನೆ. ಯಜಮಾನರ ಹತ್ತಿರವಲ್ಲ, ಯಜಮಾನತಿಯ ಹತ್ತಿರ. ಹುರುಳಿ ಬೇಯಿಸುವವರಿಗೆ ಇಂಥ ಮಾತು ಬೇಗ ಅರ್ಥವಾಗುತ್ತದೆ.

ಮಾತಾಡಿದೆ ಕೂಡ. ಅವರು ಒಪ್ಪಿದ್ದಾರೆ. ಹುಡುಗನಿಗೆ ಮಾತ್ರ ನನ್ನ ಮೇಲೆ ಸಣ್ಣ ಸಿಟ್ಟು. ರಾತ್ರಿ ಹನ್ನೊಂದರ ಮೇಲೆಯೇ ಅಲ್ಲವೇ ಒಳ್ಳೆಯ ಓಟ ಇರುವುದು!

ಇನ್ನೊಂದು ಸಂಗತಿ. ಆ ತಾಯಿಯೂ ಈವರೆಗೆ ಕಂಬಳ ಕಂಡವರಲ್ಲ. ಬರುವ ಶನಿವಾರ ನಾವಿಬ್ಬರೂ ಹೋಗುವುದೆಂದು ನಿಶ್ಚಯ ಮಾಡಿದ್ದೇವೆ. ರಾತ್ರಿ ಅಲ್ಲ, ಬೆಳಿಗ್ಗೆ ಬೇಗ. ಕೊಂಬು, ಬ್ಯಾಂಡಿನ ಮೆರವಣಿಗೆಯಲ್ಲಿ ಕೋಣಗಳು ಕರೆಗೆ ಇಳಿಯುವ ಮೊದಲು ಮರದ ನೆರಳಿನಲ್ಲಿ ಕಟ್ಟಿರುತ್ತಾರೆ, ಆಗ ಹತ್ತಿರ ಹೋಗಿ ನೋಡಬಹುದು. ನಿಮ್ಮಲ್ಲಿ ಯಾರಾದರೂ ಹೋಗುವುದಾದರೆ ಆ ಹೊತ್ತಿಗೇ ಹೋಗಿ. ಕಿವಿ ನೋಡಿ, ಮೂಗಿನ ತುದಿ ನೋಡಿ, ಬೆನ್ನು ನೋಡಿ. ಪಕ್ಕದಲ್ಲಿ ಹಗ್ಗ ಹಿಡಿದು ನಿಂತ ಹುಡುಗರ ಮುಖವನ್ನೂ ನೋಡಿ.

"ಕೋಣ ನೀವು ನೋಡಿ ಟೀಚರೇ, ನಾನು ಮಗನನ್ನು ನೋಡುತ್ತೇನೆ" ಎಂದಿದ್ದಾರೆ ಆ ತಾಯಿ. ಏಳೂ ಕಾಲರ ಬಸ್ಸಿಗೆ ಹೊರಡುತ್ತೇವೆ.